ಒಂದು ಸಲ ನೋಡಬಹುದು

ಸಿನಿಮಾ ನೋಡಿ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಎದುರಿಸಬೇಕಾದ ಪ್ರಶ್ನೆ ಒಂದೇ: ‘ಹೇಗಿತ್ತು?’ ಅದಕ್ಕೆ ನಮ್ಮ ಕಡೆ ಚಾಲ್ತಿಯಲ್ಲಿರುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಪರವಾಗಿಲ್ಲ, ಒಂದು ಸಲ ನೋಡಬಹುದು.’ ಈ ಮಾತನ್ನು ನಾನು ಇದುವರೆಗೆ ಎಷ್ಟು ಸಲ ಆಡಿದ್ದೇನೆಂಬ ಲೆಕ್ಕ ಇಟ್ಟಿಲ್ಲ. ಆದರೆ ಆಡಿದಾಗಲೆಲ್ಲ ಅದರ ಅರ್ಥ ಬೇರೆಬೇರೆಯಾಗಿತ್ತೆಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಟಿಕೆಟ್ ಕೊಡಿಸಿ ಕರೆದುಕೊಂಡು ಹೋದವರ ಎದುರಿಗೆ ಆಡಿದಾಗ ಅದು ಕೃತಜ್ಞತೆಯಾಗಿರುತ್ತದೆ. ಅದೇ ಚಿತ್ರಕ್ಕೆಂದು ಮಕ್ಕಳುಮರಿ ಸಮೇತ ಆಟೋ ಹತ್ತುತ್ತಿರುವ ಪಕ್ಕದ ಮನೆಯವರಿಗೆ ಆಡಿದಾಗ ಎಚ್ಚರಿಕೆಯಾಗಿರುತ್ತದೆ. ಹೆಂಡತಿಗೆ ಆಡಿದಾಗ, ನಿನ್ನನ್ನು ಬಿಟ್ಟು ಹೋದದ್ದರಿಂದ ನಿನಗೇನೂ ದೊಡ್ಡ ನಷ್ಟವಾಗಿಲ್ಲ ಎಂಬ ಸಮಾಧಾನವಾಗಿರುತ್ತದೆ. ‘ಪರವಾಗಿಲ್ಲ’ ಎಂಬ ಪದವೇ ಅಂಥದ್ದು. ಚಿಂತೆ, ಲಕ್ಷ್ಯ ಎಂಬ ಅರ್ಥದ ಪಾರಸಿಯ ‘ಪರ್ವಾ’ವನ್ನು ಎರವಲು ಪಡೆದು, ಅದಕ್ಕೊಂದು ‘ಇಲ್ಲ’ವನ್ನು ಅಂಟಿಸಿ, ಹೊಗಳಿಕೆಯೂ ಆಗದ ತೆಗಳಿಕೆಯೂ ಆಗದ ಒಂದು ಮಧ್ಯಮ ಪದವನ್ನು ನಾವು ಮಾಡಿಕೊಂಡಿದ್ದೇವೆ. ಸಾರು ಹೇಗಿದೆ ಎಂದರೂ ಪರವಾಗಿಲ್ಲ, ಹುಡುಗ ಹೇಗಿದ್ದಾನೆ ಎಂದರೂ ಪರವಾಗಿಲ್ಲ.

ನಿವೃತ್ತನಾದ ಮೇಲೆ ಇಂಥ ಮಾತುಗಳನ್ನು ತಿರುವಿ ನೋಡುವಷ್ಟು ಬಿಡುವು ಸಿಕ್ಕಿತು. ಒಂದು ಸಲ ನೋಡಬಹುದು ಎಂದರೆ ಎರಡನೆಯ ಸಲ ನೋಡಬಾರದು ಎಂದೇ? ಹಾಗಾದರೆ ಹತ್ತು ಸಲ ನೋಡಬಹುದಾದದ್ದು ಇದಕ್ಕಿಂತ ಹತ್ತು ಪಟ್ಟು ಒಳ್ಳೆಯದಾಗಿರಬೇಕಷ್ಟೆ. ಒಂದು ಮಧ್ಯಾಹ್ನ ಹಳೆಯ ಡೈರಿಯೊಂದರ ಖಾಲಿ ಹಾಳೆಯಲ್ಲಿ, ನಾನು ನೋಡಿದ ಚಿತ್ರಗಳನ್ನೂ ಧಾರಾವಾಹಿಗಳನ್ನೂ ಎಷ್ಟೆಷ್ಟು ಸಲ ನೋಡಿದ್ದೇನೆಂಬ ಲೆಕ್ಕದ ಮೇಲೆ ಜೋಡಿಸುತ್ತ ಹೋದೆ. ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ವಹಿ ಬರೆದವನಿಗೆ ಕಾಲಂ ಎಳೆಯದೆ ಯೋಚನೆ ಹರಿಯುವುದಿಲ್ಲ. ಎಳೆದು ಮುಗಿಸಿದ ಮೇಲೆ ನೋಡಿದರೆ, ಪಟ್ಟಿಯ ತುದಿಯಲ್ಲಿ ನಾಚಿಕೆಪಡಬೇಕಾದ ಹೆಸರುಗಳಿದ್ದವು. ಭಾನುವಾರದ ಮಧ್ಯಾಹ್ನ ಊಟವಾದ ಮೇಲೆ ಚಾನೆಲ್ಲಿನವರು ತಿಂಗಳಿಗೊಮ್ಮೆ ತಪ್ಪದೆ ಹಾಕುವ, ನಾಯಕನ ಅಮ್ಮ ಯಾರೆಂದು ನಮಗೂ ಖಳನಾಯಕನಿಗೂ ಮೊದಲೇ ಗೊತ್ತಿದ್ದು ನಾಯಕನಿಗೆ ಮಾತ್ರ ಗೊತ್ತಿಲ್ಲದ ಚಿತ್ರವೊಂದನ್ನು ನಾನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ನನ್ನನ್ನು ಅಲ್ಲಾಡಿಸಿದ ಚಿತ್ರಗಳ ಎದುರಿಗೆ ಸುಮ್ಮನೆ ‘1’ ಎಂದಿತ್ತು.

ಸಂಖ್ಯೆಗೂ ಒಲವಿಗೂ ಇರುವ ಸಂಬಂಧದ ಬಗ್ಗೆ ನನಗೆ ಮೊದಲು ಸಂಶಯ ಹುಟ್ಟಿಸಿದವರು ನಮ್ಮ ಚಿಕ್ಕಪ್ಪ. 1972ರಲ್ಲಿ ‘ಬಂಗಾರದ ಮನುಷ್ಯ’ ತೆರೆಕಂಡಾಗ ಅವರು ಬೆಂಗಳೂರಿನ ಒಂದು ಗಿರಣಿಯಲ್ಲಿ ಕೆಲಸಕ್ಕಿದ್ದರು. ಆ ಚಿತ್ರ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಪಾಳಿ ಮುಗಿಸಿ ರೂಮಿಗೆ ಹೋಗುವ ದಾರಿಯಲ್ಲಿ ಥಿಯೇಟರು ಸಿಗುತ್ತಿದ್ದುದರಿಂದ ಚಿಕ್ಕಪ್ಪ ಅದನ್ನು ಹದಿನೇಳು ಸಲ ನೋಡಿದರು. ಬಂಡೆ ಒಡೆದು, ಬರಡು ನೆಲವನ್ನು ಹೊಲವಾಗಿಸುವ ರಾಜೀವನನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿದವರ ಕಥೆಗಳು ಆಗ ನಾಡಿನ ತುಂಬ ಹರಡಿದ್ದವು. ಅರಸೀಕೆರೆಯ ಹತ್ತಿರದ ನಮ್ಮೂರಿನಲ್ಲೂ ಚಿಕ್ಕಪ್ಪನ ಪಾಲಿನ ಮೂರು ಎಕರೆ ಬೀಳು ಬಿದ್ದಿತ್ತು. ಪ್ರತಿ ಯುಗಾದಿಗೆ ಊರಿಗೆ ಬಂದಾಗ ಒಬ್ಬಟ್ಟಿನ ಎಲೆಯ ಮುಂದೆ ಕೂತು, ‘ಬರೋ ವರ್ಷ ಬಂದುಬಿಡ್ತೀನಿ ಅತ್ತಿಗೆ, ಮೊದಲು ಒಂದು ಬಾವಿ ತೆಗೆಸಬೇಕು’ ಎನ್ನುತ್ತಿದ್ದರು. ನಮ್ಮಮ್ಮ ಇನ್ನೊಂದು ಒಬ್ಬಟ್ಟು ಹಾಕಿ ಸುಮ್ಮನಾಗುತ್ತಿದ್ದಳು. ಬಾವಿ ತೆಗೆಯಲಿಲ್ಲ, ಚಿಕ್ಕಪ್ಪ ನೇಗಿಲು ಮುಟ್ಟಲಿಲ್ಲ, ಹದಿನೇಳು ಸಲದ ಪರಿಣಾಮವಾಗಿ ನಮ್ಮ ವಂಶದಲ್ಲಿ ಒಂದು ಗುಂಟೆಯೂ ಹೆಚ್ಚಿಗೆ ಉಳಲಿಲ್ಲ.

ಆದರೆ ನಾನು ಹೇಳಬೇಕೆಂದಿರುವ ವಿಷಯ ಅದಲ್ಲ. ಬಹಳ ವರ್ಷಗಳ ನಂತರ, ಅವರಿಗೆ ಪಾರ್ಶ್ವವಾಯು ಬಡಿದು ಮಲಗಿದ್ದಾಗ, ಮಾತಿನ ನಡುವೆ ಅವರು ಒಂದು ಗುಟ್ಟು ಹೇಳಿದರು. ಆ ಚಿತ್ರದ ಕೊನೆಯನ್ನು ಅವರು ನೋಡಿದ್ದು ಒಂದೇ ಸಲವಂತೆ. ತಾನು ಕಟ್ಟಿ ಬೆಳೆಸಿದ ಮನೆಯಲ್ಲೇ ಮಾತು ಕೇಳಿಸಿಕೊಂಡು, ಯಾರಿಗೂ ಏನೂ ಹೇಳದೆ ರಾಜೀವ ಹೊರಟುಹೋಗುವುದನ್ನು ಮೊದಲ ಸಲ ನೋಡಿದಾಗ ಅವರಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಉಳಿದ ಹದಿನಾರು ಸಲವೂ ಆ ಘಟ್ಟ ಬರುವ ಹೊತ್ತಿಗೆ ಸರಿಯಾಗಿ ಎದ್ದು ಹೊರಗೆ ಬಂದುಬಿಡುತ್ತಿದ್ದರಂತೆ. ಕೊನೆಕೊನೆಗೆ ಗೇಟ್‌ಕೀಪರನಿಗೂ ಇದು ಅಭ್ಯಾಸವಾಗಿ, ಚಿಕ್ಕಪ್ಪ ಏಳುವ ಮೊದಲೇ ಬಾಗಿಲ ಪರದೆ ಸರಿಸಿ ನಿಂತಿರುತ್ತಿದ್ದನಂತೆ. ನನ್ನ ಪಟ್ಟಿಯಲ್ಲಿ ಇದನ್ನು ಯಾವ ಕಾಲಂನಲ್ಲಿ ಬರೆಯುವುದು? ಒಂದು ಪೂರ್ತಿ, ಹದಿನಾರು ಮುಕ್ಕಾಲು ಮುಕ್ಕಾಲು ಎಂದು ಬರೆಯಬಹುದೇನೋ. ಆದರೆ ಹದಿನಾರು ಸಲ ಅವರನ್ನು ಆ ಕುರ್ಚಿಗೆ ಎಳೆದು ತಂದದ್ದು ಒಂದೇ ಸಲ ನೋಡಿದ ಆ ಕಾಲು ಭಾಗವೇ ಇರಬೇಕೆಂಬ ಅನುಮಾನ ನನಗೆ ಇದ್ದೇ ಇದೆ.

ನನ್ನ ಸ್ವಂತ ಸಿನಿಮಾ ವಿದ್ಯಾಭ್ಯಾಸ ನಡೆದದ್ದು ಟೆಂಟಿನಲ್ಲಿ. ಹಿಂದೆ ಕುರ್ಚಿ, ನಡುವೆ ಬೆಂಚು, ಮುಂದೆ ನೆಲ. ನೆಲಕ್ಕೆ ಗಾಂಧಿ ಕ್ಲಾಸ್ ಎಂಬ ಗೌರವದ ಹೆಸರು. ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಮುಂದಿನವರ ತಲೆ ಅಡ್ಡ ಬರುತ್ತಿರಲಿಲ್ಲ; ಆದರೆ ನಮ್ಮ ಗುಡ್ಡೆ ಹಿಂದಿನವರಿಗೆ ಅಡ್ಡ ಬಂದು, ಚಿತ್ರ ಶುರುವಾಗುವ ಮೊದಲೇ ಒಂದು ಸಾಹಸ ದೃಶ್ಯ ನಡೆದುಹೋಗುತ್ತಿತ್ತು. ಟೆಂಟಿನಲ್ಲಿ ಪ್ರೊಜೆಕ್ಟರ್ ಒಂದೇ ಇದ್ದುದರಿಂದ ರೀಲು ಬದಲಾಯಿಸುವಾಗಲೆಲ್ಲ ದೀಪ ಹತ್ತಿಸುತ್ತಿದ್ದರು. ಹೀಗಾಗಿ ಪಟ್ಟಣದವರಿಗೆ ಒಂದೇ ಇಂಟರ್‌ವಲ್ ಇದ್ದರೆ ನಮಗೆ ಮೂರೋ ನಾಲ್ಕೋ ಇರುತ್ತಿದ್ದವು, ಕಡಲೆಕಾಯಿ ಮಾರುವವನ ಏಳಿಗೆಯೂ ಅಷ್ಟೇ ಪಟ್ಟು ಹೆಚ್ಚಾಗಿತ್ತು.

ಟೆಂಟಿಗೆ ಬರುವ ಪ್ರಿಂಟು ಮೊದಲು ಬೆಂಗಳೂರಿನಲ್ಲಿ ಓಡಿ, ಜಿಲ್ಲಾ ಕೇಂದ್ರದಲ್ಲಿ ಓಡಿ, ತಾಲ್ಲೂಕಿನಲ್ಲಿ ಕುಂಟಿ, ಆಮೇಲೆ ತಗಡಿನ ಡಬ್ಬದಲ್ಲಿ ಬಸ್ಸಿನ ಟಾಪಿನ ಮೇಲೆ ನಮ್ಮೂರಿಗೆ ಬಂದಿಳಿಯುತ್ತಿತ್ತು. ಅಷ್ಟು ಹೊತ್ತಿಗೆ ಅದರ ಮೈಮೇಲೆಲ್ಲ ಗೀರು ಬಿದ್ದು, ಬೇಸಿಗೆಯ ದೃಶ್ಯದಲ್ಲೂ ಜಡಿಮಳೆ ಸುರಿಯುತ್ತಿರುವಂತೆ ಕಾಣುತ್ತಿತ್ತು. ರೀಲು ತುಂಡಾದಾಗ ಆಪರೇಟರು ಹಾಳಾದ ತುದಿಗಳನ್ನು ಕತ್ತರಿಸಿ ಅಂಟು ಹಚ್ಚಿ ಜೋಡಿಸುತ್ತಿದ್ದ. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳ ಲೆಕ್ಕದಲ್ಲಿ ಓಡುವ ಫಿಲ್ಮಿನಲ್ಲಿ ಅಂಗೈ ಅಗಲ ಕತ್ತರಿಸಿದರೆ ಯಾರಿಗೂ ತಿಳಿಯದು. ಆದರೆ ನೂರಾರು ಟೆಂಟುಗಳಲ್ಲಿ ನೂರಾರು ಅಂಗೈಗಳು ಹೋದರೆ ಕಥೆಯೇ ಅಲ್ಲಲ್ಲಿ ನೆಗೆಯತೊಡಗುತ್ತದೆ. ನನಗೆ ಬಹಳ ಮೆಚ್ಚುಗೆಯಾಗಿದ್ದ ಸಾಂಸಾರಿಕ ಚಿತ್ರವೊಂದರಲ್ಲಿ ಅಣ್ಣತಂಗಿಯರು ಘೋರವಾಗಿ ಜಗಳವಾಡುತ್ತಾರೆ, ‘ಇನ್ನು ಈ ಮನೆ ಹೊಸ್ತಿಲು ತುಳಿಯೋದಿಲ್ಲ’ ಎಂದು ತಂಗಿ ಹೇಳುತ್ತಾಳೆ, ಮರುಕ್ಷಣದಲ್ಲಿ ಅದೇ ತಂಗಿ ಅದೇ ಮನೆಯ ಅಡುಗೆಮನೆಯಲ್ಲಿ ಅಣ್ಣನಿಗೆ ಮುದ್ದೆ ಬಡಿಸುತ್ತಿರುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ನಡುವೆ ಏನಾಯಿತೆಂದು ಹೇಳದೆ ಎಲ್ಲವನ್ನೂ ಹೇಳಿಬಿಟ್ಟ ನಿರ್ದೇಶಕನ ಸಂಯಮವನ್ನು ನಾನು ಇಪ್ಪತ್ತು ವರ್ಷ ಕಂಡಕಂಡವರಿಗೆಲ್ಲ ಕೊಂಡಾಡಿದೆ. ಕಾಲೇಜಿನಲ್ಲಿ ಅದರ ಮೇಲೆ ಒಂದು ಭಾಷಣವನ್ನೂ ಮಾಡಿದ್ದೆ.

ಆಮೇಲೆ ಒಂದು ದಿನ ಆ ಚಿತ್ರ ಟಿ.ವಿ.ಯಲ್ಲಿ ಬಂತು. ಜಗಳಕ್ಕೂ ಮುದ್ದೆಗೂ ನಡುವೆ ಏಳೆಂಟು ನಿಮಿಷದ ದೃಶ್ಯವೊಂದು ಇತ್ತು: ಗುಡಿಯ ಗಂಟೆ, ಗುಡುಗು, ಮಳೆಯಲ್ಲಿ ಅಣ್ಣನ ಕಾಲು ಹಿಡಿದ ತಂಗಿ, ಇಬ್ಬರ ಕಣ್ಣೀರು, ಅದಕ್ಕೊಂದು ಹಾಡು. ನಾನು ಕೊಂಡಾಡಿದ ಸಂಯಮವೆಲ್ಲ ಯಾವುದೋ ಊರಿನ ಆಪರೇಟರನ ಕತ್ತರಿಯದು. ಯಾವ ತಾಲ್ಲೂಕಿನವನೋ ತಿಳಿಯದು. ಆತನಿಗೆ ಪ್ರಶಸ್ತಿ ಕೊಡುವ ಸಮಿತಿ ಇದ್ದಿದ್ದರೆ ನಾನೇ ಶಿಫಾರಸು ಬರೆದುಕೊಡುತ್ತಿದ್ದೆ. ಆ ಸಂಪೂರ್ಣ ಪ್ರತಿಯನ್ನು ನಾನು ಮತ್ತೊಮ್ಮೆ ನೋಡಲು ಹೋಗಿಲ್ಲ, ನೋಡಿದ್ದನ್ನು ಲೆಕ್ಕಕ್ಕೂ ಹಿಡಿದಿಲ್ಲ.

ದೂರದರ್ಶನ ಬಂದಾಗ ‘ಒಂದು ಸಲ ನೋಡಬಹುದು’ ಎಂಬುದು ಅಭಿಪ್ರಾಯವಾಗಿ ಉಳಿಯದೆ ಕಾನೂನೇ ಆಯಿತು. ಹೊತ್ತಿಗೆ ಸರಿಯಾಗಿ ಕೂತರೆ ಕಂಡಿತು. ಇಲ್ಲದಿದ್ದರೆ, ಕರೆಂಟ್ ಹೋದರೆ, ಆಂಟೆನಾದ ಮೇಲೆ ಕಾಗೆ ಕೂತರೆ, ಆ ಕಂತು ಈ ಜನ್ಮಕ್ಕೆ ಇಲ್ಲ. ನಮ್ಮ ಬೀದಿಗೆ ಮೊದಲ ಟಿ.ವಿ. ಬಂದ ಮರುವರ್ಷವೇ, 1987ರ ಜನವರಿಯಲ್ಲಿ, ರಾಮಾಯಣ ಶುರುವಾಯಿತು. ಭಾನುವಾರ ಬೆಳಿಗ್ಗೆ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಕೂತ ಹಿರಿಯರ ನಡುವೆ, ಎರಡು ಬಾಣಗಳು ಎದುರುಬದುರಾಗಿ ಹೊರಟು ಆಕಾಶದ ನಡುವೆ ಮುಟ್ಟಿಕೊಳ್ಳಲು ಇಷ್ಟು ಹೊತ್ತು ಬೇಕೇ ಎಂದು ನಾನು ಒಮ್ಮೆ ಕೇಳಿದ್ದುಂಟು. ಅದಕ್ಕೆ ಸಿಕ್ಕ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಅದೇ ಕಾಲದ ‘ಮಾಲ್ಗುಡಿ ಡೇಸ್’ ಬಗ್ಗೆ ಮಾತ್ರ ಇಂದಿಗೂ ನನಗೆ ಒಂದು ಕೊಂಕು ನುಡಿ ಸಿಕ್ಕಿಲ್ಲ. ಆಗುಂಬೆಯ ಓಣಿ, ಅಲ್ಲಿನ ದೊಡ್ಡಮನೆಯ ಜಗಲಿ, ಹಂಚಿನಿಂದ ತೊಟ್ಟಿಕ್ಕುವ ನೀರು, ನಮ್ಮ ಗಿರೀಶ ಕಾರ್ನಾಡರು, ನಮ್ಮ ವೈಶಾಲಿ ಕಾಸರವಳ್ಳಿ, ನಮ್ಮ ಮಾಸ್ಟರ್ ಮಂಜುನಾಥ. ನಿರ್ದೇಶಿಸಿದವರು ನಮ್ಮ ಶಂಕರನಾಗ್. ಮಾತು ಮಾತ್ರ ಹಿಂದಿ. ನಮ್ಮ ಅಜ್ಜಿಗೆ ಹಿಂದಿಯ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಆಕೆ ಒಂದು ಕಂತನ್ನೂ ಬಿಡದೆ ನೋಡಿ, ಮರುದಿನ ಹಿತ್ತಿಲಲ್ಲಿ ಕೂತು ಕಥೆಯನ್ನು ಪೂರ್ತಿ ಕನ್ನಡದಲ್ಲಿ ಹೇಳುತ್ತಿದ್ದಳು. ಆ ಮನೆಯಲ್ಲಿ ನೀರು ಸೇದುವವರು ನಿಜವಾಗಿ ಸೇದುತ್ತಿದ್ದರು, ಉಣ್ಣುವವರು ನಿಜವಾಗಿ ಉಣ್ಣುತ್ತಿದ್ದರು. ಅಷ್ಟು ಕಂಡರೆ ಅಜ್ಜಿಗೆ ಮಾತು ಬೇಕಿರಲಿಲ್ಲ. ನಾನು ಯಾವ ಚಿತ್ರವನ್ನು ನೋಡಿದರೂ ಇಂದಿಗೂ ಮೊದಲು ಗಮನಿಸುವುದು ಅದನ್ನೇ. ತೆರೆಯ ಮೇಲಿನ ಜನ ಬದುಕುವುದಕ್ಕಾಗಿ ಏನಾದರೂ ಕೆಲಸ ಮಾಡುತ್ತಾರೆಯೇ? ಮಾಡಿದರೆ ಅದಕ್ಕೆ ಹಿಡಿಯುವ ಹೊತ್ತನ್ನು ನಿರ್ದೇಶಕ ಅವರಿಗೆ ಕೊಡುತ್ತಾನೆಯೇ? ಈ ಪರೀಕ್ಷೆಯಲ್ಲಿ ನಪಾಸಾಗುವ ದೊಡ್ಡ ದೊಡ್ಡ ಚಿತ್ರಗಳಿವೆ.

1998ರ ಸುಮಾರಿಗೆ ಬಂದ ‘ಮಾಯಾಮೃಗ’ದಿಂದ ಹಿಡಿದು ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳು ಇನ್ನೊಂದು ಬಗೆಯ ಚಟವನ್ನು ಹಿಡಿಸಿದವು. ಅವರ ಕೋರ್ಟಿನ ದೃಶ್ಯಗಳು ನಾಡಿನಲ್ಲೆಲ್ಲ ಪ್ರಸಿದ್ಧ. ಕಂದಾಯ ಇಲಾಖೆಯ ಕಡತಗಳನ್ನು ಹೊತ್ತು ಸಾಕ್ಷಿ ಹೇಳಲು ನಾನು ಹತ್ತಾರು ಸಲ ನಿಜವಾದ ಕೋರ್ಟಿಗೆ ಹೋಗಿದ್ದೇನೆ. ಅಲ್ಲಿ ಬೆಳಿಗ್ಗೆಯಿಂದ ಬೇವಿನ ಮರದ ಕೆಳಗೆ ಕಾದು, ಹೆಸರು ಕೂಗಿದಾಗ ಒಳಗೆ ಓಡಿ, ವಕೀಲರು ಏನೋ ಗೊಣಗಿ, ನ್ಯಾಯಾಧೀಶರು ಏನೋ ಬರೆದು, ಮುಂದಿನ ತಿಂಗಳ ಒಂದು ತಾರೀಕನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು ಬಸ್ ಹಿಡಿಯುವುದಷ್ಟೇ ನನ್ನ ಅನುಭವ. ಧಾರಾವಾಹಿಯ ವಕೀಲರಾದ ಸಿಎಸ್‌ಪಿ ಎದ್ದು ನಿಂತರೆ ವಾಯಿದೆಯ ಮಾತೇ ಇಲ್ಲ. ಪಾಟಿ ಸವಾಲು ವಾರಗಟ್ಟಲೆ ನಡೆಯುತ್ತಿತ್ತು. ಇದು ವಾಸ್ತವಕ್ಕೆ ದೂರವೆಂದು ಕಚೇರಿಯ ಊಟದ ಡಬ್ಬಿಯ ಮುಂದೆ ನಾನು ಆಕ್ಷೇಪಿಸಿದಾಗ ನಮ್ಮ ಶಿರಸ್ತೇದಾರರು, ‘ವಾಸ್ತವ ನೋಡೋಕೆ ಟಿ.ವಿ. ಯಾಕ್ರೀ ಬೇಕು, ನಾಳೆ ನೀವೇ ಹೋಗ್ತೀರಲ್ಲ’ ಎಂದುಬಿಟ್ಟರು. ಒಂದು ಮಾತನ್ನು ಒಪ್ಪಲೇಬೇಕು: ಅಲ್ಲಿ ಜನ ಪೂರ್ಣ ವಾಕ್ಯಗಳಲ್ಲಿ ಒಳ್ಳೆಯ ಕನ್ನಡ ಮಾತಾಡುತ್ತಿದ್ದರು, ಇನ್ನೊಬ್ಬರು ಮಾತು ಮುಗಿಸುವವರೆಗೆ ಕಾಯುತ್ತಿದ್ದರು. ಇವೆರಡನ್ನೂ ನಾನು ಟಿ.ವಿ.ಯಲ್ಲಿ ಅಪರೂಪಕ್ಕೂ ಕಾಣದೆ ಈಗ ಬಹಳ ದಿನಗಳಾದವು.

ಈಗಿನ ಧಾರಾವಾಹಿಗಳ ಬಗ್ಗೆ ನನ್ನ ಅಭಿಪ್ರಾಯ ಕೇಳುವವರಿಗೆ ನಾನು ಪ್ರಾಮಾಣಿಕವಾಗಿ ಹೇಳುವುದು, ಅವನ್ನು ಒಂದು ಸಲ ನೋಡಲಾಗುವುದಿಲ್ಲ ಎಂದು. ನೋಡುವುದಾದರೆ ಸಾವಿರ ಸಲ ನೋಡಬೇಕು, ಇಲ್ಲದಿದ್ದರೆ ಬಿಡಬೇಕು. ನಮ್ಮಮ್ಮನಿಗೆ ಈಗ ಎಂಬತ್ತಾರು. ಸಂಜೆ ದೀಪ ಹಚ್ಚಿದ ಮೇಲೆ ಆಕೆಯ ಕುರ್ಚಿ ಟಿ.ವಿ.ಯ ಮುಂದೆ ಬಂದರೆ ರಾತ್ರಿ ಹತ್ತರವರೆಗೆ ಅಲುಗುವುದಿಲ್ಲ. ಪಕ್ಕದಲ್ಲಿ ಪತ್ರಿಕೆ ಹಿಡಿದು ಕೂರುವ ನನಗೆ ಈ ಧಾರಾವಾಹಿಗಳ ಮನೆಗಳೆಲ್ಲ ಬಾಯಿಪಾಠವಾಗಿವೆ. ಬಂಗಲೆಯ ಹಾಲು ನಮ್ಮ ತಾಲ್ಲೂಕು ಪಂಚಾಯಿತಿ ಸಭಾಂಗಣದಷ್ಟು ದೊಡ್ಡದು; ಅಷ್ಟು ದೊಡ್ಡ ಮನೆಯಲ್ಲಿ ಕೂರಲು ಜಾಗವಿಲ್ಲವೆಂಬಂತೆ ಎಲ್ಲರೂ ಸಾಲಾಗಿ ನಿಂತೇ ಇರುತ್ತಾರೆ. ತಟ್ಟೆಯಲ್ಲಿ ಕಾಫಿ ಬರುತ್ತದೆ, ಯಾರೋ ಏನೋ ಅನ್ನುತ್ತಾರೆ, ತಟ್ಟೆ ನೆಲಕ್ಕೆ ಬೀಳುತ್ತದೆ; ಈ ಹತ್ತು ವರ್ಷಗಳಲ್ಲಿ ಒಬ್ಬರಾದರೂ ಆ ಕಾಫಿಯನ್ನು ಕುಡಿದು ಲೋಟ ತೊಳೆದಿಟ್ಟದ್ದನ್ನು ನಾನು ಕಂಡಿಲ್ಲ. ಸೊಸೆ ರೇಷ್ಮೆ ಸೀರೆ, ಒಡವೆ ಸಮೇತ ಮಲಗಿ ಅದೇ ಸಿಂಗಾರದಲ್ಲಿ ಏಳುತ್ತಾಳೆ. ಸೋಮವಾರ ಎತ್ತಿದ ಕೈ ಕೆನ್ನೆಗೆ ಬೀಳುವುದು ಬುಧವಾರ. ಬಿದ್ದ ಸದ್ದಿಗೆ ನೆರೆದವರ ಮುಖವನ್ನೆಲ್ಲ ಕ್ಯಾಮೆರಾ ಮೂರು ಮೂರು ಸಲ ಮುಟ್ಟಿ ಬರುವಷ್ಟರಲ್ಲಿ ಶುಕ್ರವಾರ.

ಒಮ್ಮೆ ಮಗನ ಮನೆಯಲ್ಲಿ ಮೂರು ವಾರ ಇದ್ದು ಹಿಂದಿರುಗಿದಾಗ, ನಾನು ಹೋಗುವ ದಿನ ಶುರುವಾಗಿದ್ದ ಮದುವೆ ಇನ್ನೂ ನಡೆಯುತ್ತಲೇ ಇತ್ತು. ತಾಳಿ ವರನ ಕೈಯಲ್ಲೇ ಇತ್ತು. ನನಗೆ ನಗು ತಡೆಯಲಾಗಲಿಲ್ಲ. ‘ಇದರಲ್ಲಿ ದಿನಾ ಏನಮ್ಮಾ ನೋಡ್ತೀಯ, ಹೊಸದು ಒಂದಾದರೂ ನಡೆಯುತ್ತಾ?’ ಎಂದೆ. ಅಮ್ಮ ತೆರೆಯಿಂದ ಕಣ್ಣು ತೆಗೆಯದೆಯೇ, ‘ಸರೋಜಮ್ಮ ದಿನಾ ಬಂದು ಅದೇ ಮಂಡಿನೋವು, ಅದೇ ಸೊಸೆ ಕಥೆ ಹೇಳೋಳಲ್ಲ, ಅವಳಿಗೆ ಹೊಸದೇನಾದ್ರೂ ಇದ್ರೆ ಬಾ ಇಲ್ದಿದ್ರೆ ಬರಬೇಡ ಅಂದಿದ್ವೇನೋ?’ ಎಂದಳು. ಪಕ್ಕದ ಮನೆಯ ಸರೋಜಮ್ಮ ಮಗಳ ಊರಿಗೆ ಹೊರಟುಹೋಗಿ ಆಗಲೇ ಎರಡು ವರ್ಷವಾಗಿತ್ತು. ಧಾರಾವಾಹಿಗಳ ಬಗೆಗಿನ ನನ್ನ ಅಭಿಪ್ರಾಯ ಆ ದಿನದಿಂದ ಒಂದು ಕೂದಲಿನಷ್ಟೂ ಸುಧಾರಿಸಿಲ್ಲ. ಆದರೆ ಸಂಜೆ ಕರೆಂಟ್ ಬಂದ ತಕ್ಷಣ ಆ ಚಾನೆಲ್ ಹಾಕಿಕೊಡುವವನು ನಾನೇ.

ಮಗ ಊರಿಗೆ ಬಂದಾಗ ನನ್ನನ್ನು ಮಲ್ಟಿಪ್ಲೆಕ್ಸಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಕುರ್ಚಿ ಎಷ್ಟು ಮೆತ್ತಗಿರುತ್ತದೆಯೋ ತೆರೆಯ ಮೇಲಿನ ಸದ್ದು ಅಷ್ಟೇ ಗಟ್ಟಿ. ಈಗಿನ ನಾಯಕ ಪರದೆಗೆ ಬರುವುದೆಂದರೆ ಜಾತ್ರೆಯಲ್ಲಿ ತೇರು ಎಳೆದಂತೆ. ಮೊದಲು ಬೂಟು, ಆಮೇಲೆ ಧೂಳು, ಆಮೇಲೆ ಹಿಂಬದಿಯ ಕುತ್ತಿಗೆ, ಅಷ್ಟರಲ್ಲಿ ನೂರು ಜನ ಅವನ ಹೆಸರು ಹೇಳಿ ನಡುಗಿರಬೇಕು. ಮುಖ ಕಾಣುವ ಹೊತ್ತಿಗೆ ನನ್ನ ಪಾಪ್‌ಕಾರ್ನ್ ಅರ್ಧ ಮುಗಿದಿರುತ್ತದೆ. ಅಂಥ ಚಿತ್ರ ನೋಡಿ ಬಂದು ‘ಒಂದು ಸಲ ನೋಡಬಹುದು’ ಎಂದರೆ ಒಂದು ಸಲಕ್ಕೇ ಕಿವಿ ಸಾಕೆಂದಿತು ಎಂದರ್ಥ. ಹಾಗೆಂದು ಹೊಸದೆಲ್ಲವೂ ನನಗೆ ಒಗ್ಗುವುದಿಲ್ಲವೆಂದಲ್ಲ. 2022ರ ‘ಕಾಂತಾರ’ದ ಕೊನೆಯ ಭಾಗದಲ್ಲಿ ಆ ಇಡೀ ಸಭಾಂಗಣ ಉಸಿರು ಬಿಗಿಹಿಡಿದು ಕೂತದ್ದನ್ನು ನಾನು ಮರೆಯಲಾರೆ, ನನ್ನ ಪಕ್ಕದ ಹುಡುಗನ ಕೈಯಲ್ಲಿದ್ದ ಮೊಬೈಲಿನ ಬೆಳಕು ತಾನಾಗಿ ಆರಿತು. ಆದರೆ ಅದೇ ನಾಯಕ ಮೊದಲರ್ಧದಲ್ಲಿ ನಾಯಕಿಯ ಸೊಂಟ ಚಿವುಟುತ್ತಾನೆ, ಅದನ್ನು ಚಿತ್ರ ತುಂಟತನವೆಂದು ತಿಳಿದುಕೊಳ್ಳುತ್ತದೆ. ನಮ್ಮ ಕಚೇರಿಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಅಮಾನತಾಗುತ್ತಿದ್ದರು ಎಂದು ನಾನು ಹೇಳಿದಾಗ ಮಗ, ‘ಅಪ್ಪಾ, ದೈವ ನೋಡಿ, ಸೊಂಟ ಯಾಕೆ ನೋಡ್ತೀರ’ ಎಂದ. ನೋಡಿಸಿದವರು ಅವರಲ್ಲವೇ?

ನನ್ನ ಪಟ್ಟಿಯಲ್ಲಿ ಸಂಖ್ಯೆಯೂ ಗುಣವೂ ಒಟ್ಟಿಗೆ ಬಂದದ್ದು ‘ತಿಥಿ’ಯೊಂದರಲ್ಲೇ. ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ, ನಟನೆಯ ಗಂಧಗಾಳಿಯಿಲ್ಲದ ಜನರನ್ನು ಇಟ್ಟುಕೊಂಡು ಮಾಡಿದ ಆ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು. ನೂರಾ ಒಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮೊಮ್ಮಗ ಜಮೀನು ಮಾರಬೇಕೆಂದು ಒದ್ದಾಡುತ್ತಾನೆ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತದ್ದೂ ಒಂದೇ, ಜಮೀನು ಹೋದದ್ದೂ ಒಂದೇ, ಅವನು ಬಯಲಲ್ಲಿ ನಡೆಯುತ್ತಲೇ ಇರುತ್ತಾನೆ. ಪಹಣಿ, ಪೌತಿ ಖಾತೆ, ಮರಣ ಪ್ರಮಾಣಪತ್ರಗಳ ನಡುವೆ ಆಯುಷ್ಯ ಕಳೆದ ನನಗೆ ಆ ಮೊಮ್ಮಗನ ಪರದಾಟ ಎಷ್ಟು ಗುರುತಿನದೆಂದು ಹೇಳಬೇಕಿಲ್ಲ. ನಾಲ್ಕು ಸಲ ನೋಡಿದ್ದೇನೆ. ಮೊದಲ ಸಲ ಮೊಮ್ಮಗನನ್ನು ನೋಡಿ ನಕ್ಕೆ, ಕೊನೆಯ ಸಲ ನೋಡುವಾಗ ಗಡ್ಡಪ್ಪನ ಹಿಂದೆಯೇ ಎದ್ದು ಹೋಗೋಣವೆನಿಸಿತು.

ಮಗನ ನೋಟವೇ ಬೇರೆ ಬಗೆಯದು. ಎಂಟು ಕಂತಿನ ಸರಣಿಯನ್ನು ಅವನು ಒಂದೇ ರಾತ್ರಿಯಲ್ಲಿ ಮುಗಿಸುತ್ತಾನೆ. ಹೇಗೆ ಸಾಧ್ಯವೆಂದು ನೋಡಿದರೆ, ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾನೆ. ತೆರೆಯ ಮೇಲಿನವರೆಲ್ಲ ರೈಲು ತಪ್ಪಿಹೋಗುತ್ತಿರುವವರಂತೆ ಮಾತಾಡುತ್ತಾರೆ; ಸತ್ತವರ ಪಕ್ಕ ಕೂತು ಅಳುವವರೂ ಬೇಗ ಅತ್ತು ಏಳುತ್ತಾರೆ. ಬೆಳಿಗ್ಗೆ ‘ಹೇಗಿತ್ತೋ?’ ಎಂದು ಕೇಳಿದರೆ ಅವನು ಹಲ್ಲುಜ್ಜುತ್ತಲೇ, ‘ಒನ್ ಟೈಮ್ ವಾಚ್’ ಎನ್ನುತ್ತಾನೆ. ನನ್ನ ಹಳೆಯ ಮಾತೇ ಇಂಗ್ಲಿಷ್ ಅಂಗಿ ತೊಟ್ಟು ಮನೆಗೆ ಬಂದಿತ್ತು. ಅವನ ಲೆಕ್ಕದಲ್ಲೇ ಹೇಳುವುದಾದರೆ ಅವನು ನೋಡಿದ್ದು ಒಂದು ಸಲವೂ ಅಲ್ಲ, ಮೂರರಲ್ಲಿ ಎರಡು ಪಾಲು ಸಲ.

ಇನ್ನು ಆ ‘1’ ಎಂದು ಬರೆದ ಸಾಲುಗಳು. ‘ಚೋಮನ ದುಡಿ’ ಅದರಲ್ಲಿದೆ. ವಾಸುದೇವರಾಯರು ಬಾರಿಸಿದ ದುಡಿಯ ಕೊನೆಯ ಸದ್ದನ್ನು ಎರಡನೆಯ ಸಲ ಕೇಳುವ ಧೈರ್ಯ ನನಗೆ ಬಂದಿಲ್ಲ. ಆದರೆ ಅದರ ಕೆಳಗಿನ ಸಾಲಿನದು ಧೈರ್ಯದ ಮಾತಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಗಿರೀಶ ಕಾಸರವಳ್ಳಿ ಚಿತ್ರವಾಗಿಸಿದ ‘ತಬರನ ಕಥೆ’ಯನ್ನು ನಾನು ನೋಡಿದ್ದು 1988ರಲ್ಲಿ, ನಾನಾಗ ಕೆಲಸದಲ್ಲಿದ್ದ ಊರಿನ ಕಾಲೇಜಿನ ಸಭಾಂಗಣದಲ್ಲಿ, ಗೆಳೆಯರು ಕಟ್ಟಿಕೊಂಡಿದ್ದ ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ. ಅದಾಗಲೇ ಅದಕ್ಕೆ 1986ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತ್ತು, ತಬರಶೆಟ್ಟಿಯಾದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದಿತ್ತು. ನಿವೃತ್ತನಾದ ಒಬ್ಬ ಸಣ್ಣ ನೌಕರ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮನೆಯಲ್ಲಿ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಿರುತ್ತದೆ; ಹಣ ಕೈಗೆ ಬರುವುದರೊಳಗೆ ಅವಳು ಉಳಿಯುವುದಿಲ್ಲ. ಎಲ್ಲರೂ ತಬರನನ್ನು ನೋಡುತ್ತಿದ್ದರು. ನಾನು ನೋಡುತ್ತಿದ್ದದ್ದು ಮೇಜುಗಳನ್ನು. ಆ ಕಡತಗಳ ಕಟ್ಟು, ಆ ಕೆಂಪು ದಾರ, ಯಾರೋ ಎದುರಿಗೆ ನಿಂತಿದ್ದಾರೆಂದು ಗೊತ್ತಿದ್ದೂ ತಲೆ ಎತ್ತದೆ ಬರೆಯುತ್ತಲೇ ಇರುವ ಆ ಭಂಗಿ. ನಾಲ್ಕು ವರ್ಷದ ಸರ್ವಿಸಿನಲ್ಲಿ ನಾನೂ ಅದನ್ನು ಚೆನ್ನಾಗಿ ಕಲಿತಿದ್ದೆ.

ನಾನು ಲಂಚ ಮುಟ್ಟಿದವನಲ್ಲ. ಆದರೆ ಆಗ ನಮ್ಮ ಕಚೇರಿಗೆ ಒಬ್ಬ ಮುದುಕ ಬರುತ್ತಿದ್ದ. ಹಳ್ಳಿಯೊಂದರಲ್ಲಿ ತಳವಾರಿಕೆ ಮಾಡಿ ಬಿಟ್ಟವನು, ಏನೋ ಬಾಕಿ ಹಣದ ಕಾಗದ. ಕಂಬಕ್ಕೆ ಒರಗಿ ನಿಂತು, ಛತ್ರಿಯ ತುದಿಯನ್ನು ಚಪ್ಪಲಿಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ. ನಾನು ‘ನಾಳೆ ಬಾರಪ್ಪ’ ಎನ್ನುತ್ತಿದ್ದೆ. ಯಾವ ದುರುದ್ದೇಶವೂ ಇರಲಿಲ್ಲ, ಬಾಯಿಗೆ ಅದು ರೂಢಿಯಾಗಿತ್ತು. ಚಿತ್ರ ನೋಡಿದ ಮರುದಿನ ಹತ್ತೂವರೆಗೆ ಮೊದಲ ಕೆಲಸವಾಗಿ ಅವನ ಕಾಗದವನ್ನು ಹುಡುಕಿ ತೆಗೆದು ಮೇಲಿನವರ ಮೇಜಿಗೆ ಕಳಿಸಿದೆ. ನಾಲ್ಕು ಸಾಲು ಬರೆಯುವ ಕೆಲಸ. ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ವಾರವೆಲ್ಲ ಎದುರಿಗೆ ಯಾರು ನಿಂತರೂ ತಲೆ ಎತ್ತಿ ಮಾತಾಡಿಸಿದೆ. ಮುಂದಿನ ವಾರವೂ ಸ್ವಲ್ಪ ಮಟ್ಟಿಗೆ ನಡೆಯಿತು. ಆಮೇಲೆ ಜಮಾಬಂದಿ ಬಂತು, ಕೆಲಸ ಹೆಚ್ಚಾಯಿತು, ‘ನಾಳೆ ಬಾರಪ್ಪ’ ತಾನಾಗಿಯೇ ಬಾಯಿಗೆ ಮರಳಿತು. ಆ ಚಿತ್ರವನ್ನು ನೋಡುವ ಅವಕಾಶ ಮುಂದೆ ಎಷ್ಟೋ ಸಲ ಬಂದರೂ ನನಗೆ ಆ ದಿನ ಬೇರೇನಾದರೂ ಕೆಲಸವಿರುತ್ತಿತ್ತು. ಫಿಲ್ಮ್ ಸೊಸೈಟಿಯ ಗೆಳೆಯರು ಅದರ ಬಗ್ಗೆ ಅಭಿಪ್ರಾಯ ಕೇಳಿದಾಗ ಏನು ಹೇಳಿದೆನೆಂದು ಬೇರೆ ಬರೆಯಬೇಕಿಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ ಟಿ.ವಿ.ಯಲ್ಲಿ ಅದು ಬಂತು. ಹೆಂಡತಿ ಮೊದಲ ದೃಶ್ಯಕ್ಕೇ ಗುರುತು ಹಿಡಿದು, ‘ರೀ, ಬನ್ನಿ, ನೀವು ಯಾವಾಗಲೂ ಹೇಳ್ತೀರಲ್ಲ, ಆ ಸಿನಿಮಾ’ ಎಂದು ಕೂಗಿದಳು. ಅಮ್ಮನೂ ಕುರ್ಚಿ ತಿರುಗಿಸಿಕೊಂಡಳು. ನಾನು ಬಾಗಿಲವರೆಗೆ ಬಂದು, ಚಾರುಹಾಸನ್ ಅವರ ಬೆನ್ನನ್ನು ಕಂಡು, ಮೇಲಿನ ಟ್ಯಾಂಕಿಗೆ ನೀರು ಬಿಡಬೇಕು ಎಂದು ಹೇಳಿ ಹಿತ್ತಿಲಿಗೆ ಹೋದೆ. ಮೋಟಾರು ಹಾಕಿ ಸಂಪಿನ ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಮಾತು ಕೇಳಿಸುತ್ತಿತ್ತು. ಮೋಟಾರಿನ ಸದ್ದಿನಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ಕರಿಬೇವಿನ ಗಿಡದ ಒಣಗಿದ ಎಲೆ ಕಿತ್ತೆ, ಕಿತ್ತದ್ದನ್ನು ಗುಡ್ಡೆ ಮಾಡಿದೆ. ಎಷ್ಟು ಹೊತ್ತಾಗಿತ್ತೋ, ತಲೆಯ ಮೇಲೆ ನೀರು ಬೀಳುತ್ತಿದೆಯೆಂದು ಅನ್ನಿಸುವ ಮೊದಲೇ ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ‘ಅಲ್ಲಾರೀ, ಟ್ಯಾಂಕ್ ತುಂಬಿ ಆಗಲೇ ಅರ್ಧ ಗಂಟೆಯಿಂದ ಹರೀತಾ ಇದೆ, ಮೋಟಾರಿನ ಪಕ್ಕದಲ್ಲೇ ಕೂತಿದ್ದೀರಿ, ಆಫ್ ಮಾಡಬಾರದಾ?’ ಎಂದಳು.